ಅಟ್ಟದ ಮೇಲಿನ ಬ್ಯಾಕಪ್ಪು

ಮಾಲೀಕರು: ಬ್ಯಾಕಪ್ಪಿಗೆ ಬೇರೆ ದುಡ್ಡು ಯಾಕಪ್ಪಾ? ರೇಡ್ ಹಾಕಿದ್ದೀವಲ್ಲ, ಎರಡು ಡಿಸ್ಕು!

ಅಡ್ಮಿನ್: ಒಂದರಲ್ಲಿ ಫೈಲ್ ಅಳಿಸಿದ್ರೆ ಇನ್ನೊಂದರಲ್ಲೂ ಆಗಲೇ ಅಳಿಸಿಹೋಗುತ್ತೆ ಸಾರ್. ಅಷ್ಟು ವಿಧೇಯ.

ಮಾಲೀಕರು: ಹಾಗಾದ್ರೆ ಪಕ್ಕದ ರ‍್ಯಾಕಿಗೆ ಒಂದು ಕಾಪಿ ಹಾಕು.

ಅಡ್ಮಿನ್: 2021ರ ಮಾರ್ಚಲ್ಲಿ ಸ್ಟ್ರಾಸ್‌ಬರ್ಗ್‌ನ ಓವಿಎಚ್ ಡೇಟಾ ಸೆಂಟರ್ ಸುಟ್ಟಾಗ ಕೆಲವರ ಬ್ಯಾಕಪ್ಪೂ ಸರ್ವರ್ ಜೊತೆ ಸಹಗಮನ ಮಾಡ್ತು. ಸೂತ್ರ 3-2-1 ಸಾರ್: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ.

ಮಾಲೀಕರು: ತುಮಕೂರಲ್ಲಿ ನಮ್ಮ ಮಾವನ ಮನೆ ಅಟ್ಟ ಖಾಲಿ ಇದೆ!

ಅಡ್ಮಿನ್: ಆಗಾಗ ರೀಸ್ಟೋರ್ ಮಾಡಿಯೂ ನೋಡ್ಬೇಕು.

ಮಾಲೀಕರು: ದಿನಾ ‘ಬ್ಯಾಕಪ್ ಯಶಸ್ವಿ’ ಅಂತ ಮೇಲ್ ಬರುತ್ತಲ್ಲ?

ಅಡ್ಮಿನ್: ಬರುತ್ತೆ. ನಿನ್ನೆ ತೆಗೆದು ನೋಡಿದೆ, ಫೈಲ್ ಸೈಜು ಸೊನ್ನೆ. ಖಾಲಿ ಡಬ್ಬಿಗೆ ದಿನಾ ಬೀಗ ಹಾಕ್ತಿದ್ದೀವಿ.

ಮಾಲೀಕರು: ಹೋಗ್ಲಿ ಬಿಡು, ಜಾಗನಾದ್ರೂ ಉಳೀತಲ್ಲ!