ಏಳು ಬೀಜ ಮತ್ತು ಒಂದು ಪಿಡಿಎಫ್: ಕಾಫಿ ಸೀಮೆಯ ಇ-ಪುಸ್ತಕ ಮೀಮಾಂಸೆ

1. ವಿಷಯ ಪ್ರವೇಶ

ಕನ್ನಡದಲ್ಲಿ ಪುಸ್ತಕ ಸಾಯುತ್ತಿದೆ ಎಂದು ಸಾರುವ ಪುಸ್ತಕಗಳು ಬೇಕಾದಷ್ಟು ಬಂದಿರುವುದರಿಂದ ಆ ಪ್ರಮೇಯವನ್ನು ಇಲ್ಲಿ ಮತ್ತೆ ಸಾಧಿಸುವ ಅಗತ್ಯವಿಲ್ಲ. ಪ್ರಸ್ತುತ ಅಧ್ಯಯನದ ವ್ಯಾಪ್ತಿ ಸೀಮಿತವಾದುದು. ಚಾರ್ಮಾಡಿ ಘಾಟಿಯ ನೆತ್ತಿಯಿಂದ ಬಾಬಾಬುಡನ್ ಗಿರಿಯ ಬುಡದವರೆಗೆ, ನಡುವೆ ಮೂಡಿಗೆರೆ, ಬಾಳೆಹೊನ್ನೂರು, ಕಳಸಗಳನ್ನು ಒಳಗೊಂಡಂತೆ, ಡಿಜಿಟಲ್ ಪುಸ್ತಕವು ಓದುಗನ ಕಣ್ಣಿಗೆ, ಪ್ರಕಾಶಕನ ಗೋದಾಮಿಗೆ ಮತ್ತು ಲೇಖಕನ ಹೊಟ್ಟೆಗೆ ಏನು ಮಾಡಿದೆ ಎಂಬುದನ್ನು ಶಾಸ್ತ್ರೋಕ್ತವಾಗಿ ಪರಿಶೀಲಿಸುವುದು ಇದರ ಉದ್ದೇಶ.

ಈ ವಿಷಯಕ್ಕೆ ಬೆಂಗಳೂರನ್ನು ಬಿಟ್ಟು ಕಾಫಿ ಸೀಮೆಯನ್ನೇ ಆರಿಸಿಕೊಂಡದ್ದೇಕೆ ಎಂದು ಪಂಡಿತರು ಆಕ್ಷೇಪಿಸಬಹುದು. ಸಮಾಧಾನ ಹೀಗಿದೆ: ಅನುಮತಿಯಿಲ್ಲದೆ ತಂದ ಒಂದು ಪ್ರತಿಯಿಂದ ಇಡೀ ಊರುಕೇರಿ ಉದ್ಧಾರವಾದದ್ದಕ್ಕೆ ಇಷ್ಟು ಹಸಿರಾದ ಸಾಕ್ಷ್ಯ ಬೇರೆಲ್ಲೂ ಸಿಗದು.

2. ಕ್ಷೇತ್ರಕಾರ್ಯ

ಕ್ಷೇತ್ರಕಾರ್ಯವನ್ನು ಮಳೆಗಾಲದಲ್ಲಿ ಕೈಗೊಳ್ಳಲಾಯಿತು. ಬೇರೆ ಕಾಲದಲ್ಲಿ ಮಾಹಿತಿದಾರರು ಕಣದಲ್ಲಿರುತ್ತಾರೆ, ಇಲ್ಲವೇ ಕಾಳುಮೆಣಸಿನ ಏಣಿಯ ಮೇಲಿರುತ್ತಾರೆ. ಎರಡೂ ಕಡೆ ಸಾಹಿತ್ಯ ಚರ್ಚೆ ಅಪಾಯಕಾರಿ.

ಮಲೆನಾಡಿನಲ್ಲಿ ಡಿಜಿಟಲ್ ಓದಿನ ಮೊದಲ ನಿಯಮವನ್ನು ಇಲ್ಲಿ ಸೂತ್ರೀಕರಿಸಲಾಗಿದೆ. ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಟವರ್ ಹೋಗುತ್ತದೆ. ಟವರ್ ಹೋದರೆ ಗ್ರಂಥಾಲಯ ಹೋಗುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ರಾಜ್ಯಕ್ಕೆಲ್ಲ ಡಿಜಿಟಲ್ ಗ್ರಂಥಾಲಯ ತೆರೆದು, ಓದುಗರು ಇನ್ನು ಮನೆ ಬಿಟ್ಟು ಹೊರಡಬೇಕಿಲ್ಲ ಎಂಬ ಆಸೆ ಹುಟ್ಟಿಸಿತು. ಅದೇ ವರ್ಷ ಇಲ್ಲಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದರು. ಮೊದಲು ಗ್ರಂಥಾಲಯ ಪೇಟೆಯಲ್ಲಿತ್ತು, ಈಗ ಗುಡ್ಡದ ಮೇಲಿದೆ. ನಡಿಗೆ ಮಾತ್ರ ಉಳಿದಿದೆ.

ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರರೊಡನೆ ನಡೆದ ಸಂದರ್ಶನವನ್ನು ಭಾಷಾಶುದ್ಧಿ ಮಾಡದೆ ದಾಖಲಿಸಲಾಗಿದೆ.

"ನನ್ನ ಮೊಬೈಲಲ್ಲಿ ಒಂದು ಕಪಾಟು ತುಂಬ ಪುಸ್ತಕ ಉಂಟು ಮಾರಾಯ್ರೆ. ತೇಜಸ್ವಿ ಅವರದ್ದು ಎಲ್ಲ ಉಂಟು."

"ಕೊಂಡದ್ದಾ?"

"ಎಂಥ ಕೊಳ್ಳೂದು! ಗ್ರೂಪಲ್ಲಿ ಬಂತು."

"ಎಷ್ಟು ಓದಿದ್ರಿ?"

"ಓದ್ಬೇಕು ಅಂತ ತೆಗೆದೆ. ಸ್ಟೋರೇಜ್ ಫುಲ್ ಅಂತ ಬಂತು. ಮತ್ತೆ ಎಂಥ ಓದೂದು?"

ಪೂರ್ಣಚಂದ್ರ ತೇಜಸ್ವಿಯವರು ತೀರಿಕೊಂಡದ್ದು 2007ರ ಏಪ್ರಿಲ್ 5ರಂದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕ ತೀರಿದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ, ಅಂದರೆ ಅವರ ಪುಸ್ತಕಗಳು ಸರ್ವರ ಸ್ವತ್ತಾಗುವುದು 2068ರ ಜನವರಿ 1ಕ್ಕೆ. ಈ ಸೀಮೆಯ ವಾಟ್ಸಾಪ್ ಗುಂಪುಗಳು ಕಾಲಕ್ಕಿಂತ ನಾಲ್ಕು ದಶಕ ಮುಂದಿವೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಇ-ಪುಸ್ತಕದ ನಿಜವಾದ ಫಲಾನುಭವಿ ಕಂಡದ್ದು ಕಳಸದ ಕಡೆಯ ಒಂದು ಮನೆಯಲ್ಲಿ. ಪೊರೆ ಬಂದ ಕಣ್ಣಿನ ಅಜ್ಜಿಗೆ ಮೊಮ್ಮಗಳು ಮೊಬೈಲಿನಲ್ಲಿ ಅಕ್ಷರವನ್ನು ಹುಣಿಸೆಬೀಜದಷ್ಟು ದೊಡ್ಡದು ಮಾಡಿಕೊಟ್ಟಿದ್ದಳು. ಸರಿಯಾಗಿ ತಯಾರಿಸಿದ ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದಾದಂತೆ ಸಾಲು ತಾನೇ ಮುರಿದು ಕೆಳಗಿಳಿಯುತ್ತದೆ. ಗುಂಪಿನಲ್ಲಿ ಬಂದ ಸ್ಕ್ಯಾನ್ ಪಿಡಿಎಫ್ ಬರೀ ಪುಟದ ಫೋಟೊ. ಅದನ್ನು ಹಿಗ್ಗಿಸಿದರೆ ಅರ್ಧ ಸಾಲು ಪರದೆಯಾಚೆ ಹೋಗಿ, ಪ್ರತಿ ವಾಕ್ಯಕ್ಕೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಳೆದಾಡಬೇಕು. ಅಜ್ಜಿ ಇದನ್ನು ಎರಡು ಪುಟ ಪ್ರಯತ್ನಿಸಿ, "ಇದ್ಕಿಂತ ಬೀಸೋ ಕಲ್ಲು ಸಲೀಸು" ಎಂದು ತೀರ್ಪಿತ್ತರು. ದುಡ್ಡು ಕೊಟ್ಟು ಕೊಂಡ ಇ-ಪುಸ್ತಕಕ್ಕೂ ಬಿಟ್ಟಿ ಪಿಡಿಎಫ್‌ಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಶಾಸ್ತ್ರವಾಕ್ಯ ಈ ಲೇಖಕನಿಗೆ ಸಿಕ್ಕಿಲ್ಲ.

3. ಏಳು ಬೀಜ ಪ್ರಮೇಯ

ಹದಿನೇಳನೆಯ ಶತಮಾನದಲ್ಲಿ ಸಂತ ಬಾಬಾಬುಡನ್ ಅವರು ಹಜ್ ಯಾತ್ರೆಯಿಂದ ಮರಳುವಾಗ ಯೆಮೆನಿನ ಮೋಖಾದಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಇಲ್ಲಿ ಮಕ್ಕಳೂ ಹೇಳುತ್ತಾರೆ. ಇದರ ತಾಂತ್ರಿಕ ಮುಖವನ್ನು ಮಾತ್ರ ವಿದ್ವಾಂಸರು ಗಮನಿಸಿದಂತಿಲ್ಲ. ಹುರಿದ ಇಲ್ಲವೇ ಬೇಯಿಸಿದ ಬೀಜವನ್ನಷ್ಟೇ ಹೊರನಾಡಿಗೆ ಬಿಡುವುದು ಅಂದಿನ ಅರಬ್ಬರ ಕಟ್ಟಳೆಯಾಗಿತ್ತೆಂದು ಅದೇ ಐತಿಹ್ಯ ಹೇಳುತ್ತದೆ. ಹುರಿದ ಬೀಜವನ್ನು ಪುಡಿ ಮಾಡಿ ಕುಡಿಯಬಹುದು, ಬಿತ್ತಲು ಬಾರದು.

ಇಂದು ಕಂಪನಿಗಳು ಇ-ಪುಸ್ತಕಕ್ಕೆ ಹಾಕುವ ಡಿಆರ್‌ಎಂ ಎಂಬ ಬೀಗ ಇದೇ ಹುರಿಯುವ ವಿದ್ಯೆ. ಕೊಂಡವನು ಓದಬಹುದು. ಭಾವನಿಗೆ ಕಡ ಕೊಡುವಂತಿಲ್ಲ, ಹಳೆ ಪುಸ್ತಕದ ಅಂಗಡಿಗೆ ಹಾಕುವಂತಿಲ್ಲ, ಮಗಳಿಗೆ ಬಿಟ್ಟುಹೋಗುವಂತಿಲ್ಲ. ಕೊಂಡದ್ದು ಕೊಂಡವನದೇ ಎಂಬ ಖಾತರಿಯೂ ಇಲ್ಲ. 2009ರ ಜುಲೈಯಲ್ಲಿ ಅಮೆಜಾನ್ ಕಂಪನಿ, ಮಾರಿದವರಿಗೆ ಹಕ್ಕಿರಲಿಲ್ಲವೆಂದು, ಗ್ರಾಹಕರ ಕಿಂಡಲ್‌ಗಳೊಳಗಿನ ಪುಸ್ತಕಗಳನ್ನು ದೂರದಲ್ಲಿ ಕೂತೇ ಅಳಿಸಿಹಾಕಿತು. ದುಡ್ಡು ವಾಪಸು ಮಾಡಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಅಳಿಸಿದ್ದು, ಆಳುವವರೇ ಹಳೆಯ ಬರಹಗಳನ್ನು ಅಳಿಸಿಹಾಕುವ ಕಥೆಯಾದ ಜಾರ್ಜ್ ಆರ್ವೆಲ್‌ನ '1984' ಮತ್ತು ಅವನದೇ 'ಅನಿಮಲ್ ಫಾರ್ಮ್'. ಅಣಕು ಪ್ರಬಂಧ ಬರೆಯುವವರ ಅನ್ನಕ್ಕೆ ವಾಸ್ತವವೇ ಹೀಗೆ ಕಲ್ಲು ಹಾಕಿದರೆ ಯಾರಲ್ಲಿ ದೂರುವುದು?

ಹಾಗಾದರೆ ಪಿಡಿಎಫ್ ಹುರಿಯದ ಹಸಿ ಬೀಜ. ಅದನ್ನು ಹಂಚುವವರೆಲ್ಲ ಬಾಬಾಬುಡನ್ನರ ವಾರಸುದಾರರು ಎಂಬ ವಾದ ಹುಟ್ಟಿಕೊಳ್ಳುತ್ತದೆ. ಗುಂಪುಗಳ ಅಡ್ಮಿನ್‌ಗಳು ಈ ವಾದವನ್ನು ಮನಸಾರೆ ಮೆಚ್ಚಿದ್ದಾರೆ. ಅದರ ಗತಿ ಏನಾಗುವುದೆಂಬುದನ್ನು ಏಳನೆಯ ಅಧಿಕರಣದಲ್ಲಿ ನೋಡಬಹುದು.

4. ಶರೀರ ವಿಚಾರ

ಪುಸ್ತಕಕ್ಕೆ ಆತ್ಮ ಮುಖ್ಯವೋ ದೇಹ ಮುಖ್ಯವೋ? ಈ ಪ್ರಶ್ನೆಯನ್ನು ಕೊನೆಗೂ ಬಗೆಹರಿಸಿದ್ದು ಜಿಎಸ್‌ಟಿ ಮಂಡಳಿ.

ಅಚ್ಚಾದ ಪುಸ್ತಕಕ್ಕೆ ತೆರಿಗೆ ಸೊನ್ನೆ. 2017ರಲ್ಲಿ ಜಿಎಸ್‌ಟಿ ಬಂದಾಗ ಇ-ಪುಸ್ತಕಕ್ಕೆ ಶೇ 18 ಬಿತ್ತು. 2018ರ ಜುಲೈಯಲ್ಲಿ ದಯೆ ತೋರಿ, ಅಚ್ಚಿನ ರೂಪವೂ ಇರುವ ಇ-ಪುಸ್ತಕಕ್ಕೆ ಶೇ 5 ಎಂದರು. ಕಾಗದದ ಒಡಲೇ ಇಲ್ಲದೆ ಹುಟ್ಟಿದ್ದಕ್ಕೆ 18 ಉಳಿಯಿತು. ಇದರ ದರ್ಶನ ಸುಸಂಗತವಾಗಿದೆ. ದೇಹವಿದ್ದವನು ಮುಕ್ತ. ದೇಹವೊಂದು ಎಲ್ಲೋ ಇದೆಯೆಂದು ತೋರಿಸಬಲ್ಲ ಆತ್ಮ ಅಲ್ಪ ಪಾಪಿ. ಶುದ್ಧ ಆತ್ಮನಿಗೆ ಮಾತ್ರ ಪೂರ್ಣ ದಂಡ. ಅದ್ವೈತದ ಪೀಠವಿರುವ ಶೃಂಗೇರಿಯೂ ಇದೇ ಜಿಲ್ಲೆಯಲ್ಲಿರುವುದರಿಂದ ಈ ಸಿದ್ಧಾಂತದ ಬಗ್ಗೆ ಹೆಚ್ಚು ಮಾತಾಡದಿರುವುದು ಕ್ಷೇಮ.

5. ಬೂಷ್ಟು ಮತ್ತು ಅರ್ಕಾವತ್ತು

ಕಾಗದವಾದಿಗಳು ಹೇಳುತ್ತಾರೆ: ಪುಸ್ತಕ ಶಾಶ್ವತ, ಫೈಲು ಕ್ಷಣಿಕ. ಆಷಾಢದಲ್ಲಿ ಮಲೆನಾಡಿನ ಒಂದು ಕಪಾಟು ತೆರೆದು ನೋಡಿದವರು ಹಾಗೆ ಹೇಳಲಾರರು. ಇಲ್ಲಿ ಪುಸ್ತಕವನ್ನು ಮೊದಲು ಓದುವುದು ಬೂಷ್ಟು, ಆಮೇಲೆ ಬೆಳ್ಳಿಹುಳ, ಕೊನೆಗೆ ಗೆದ್ದಲು. ಗೆದ್ದಲಿನಷ್ಟು ಕೂಲಂಕಷವಾಗಿ, ರಟ್ಟಿನಿಂದ ರಟ್ಟಿಗೆ ಓದುವ ವಿಮರ್ಶಕ ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ.

ಇ-ಪುಸ್ತಕಕ್ಕೆ ಬೂಷ್ಟಿಲ್ಲ ನಿಜ. ಆದರೆ ಅದಕ್ಕೂ ಅದರದೇ ರೋಗವಿದೆ. ಯೂನಿಕೋಡ್‌ಗೆ ಮುಂಚೆ 'ನುಡಿ', 'ಬರಹ', 'ಶ್ರೀಲಿಪಿ'ಗಳಲ್ಲಿ ಡಿಟಿಪಿ ಮಾಡಿದ ಫೈಲುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಬಾಡಿಗೆಗಿದ್ದವು. ಫಾಂಟು ಕಳಚಿದರೆ ಕನ್ನಡವೂ ಕಳಚಿತು. ಯೂನಿಕೋಡ್‌ಗೆ ಸಾಗಿಸುವಾಗ ಒತ್ತಕ್ಷರಗಳು ದಾರಿಯಲ್ಲಿ ಉದುರುತ್ತವೆ. ಹಾಗಾಗಿ ಹತ್ತು ವರ್ಷ ಹಿಂದಿನ ಕಾದಂಬರಿಯನ್ನು ಇ-ಪುಸ್ತಕ ಮಾಡುವುದೆಂದರೆ ಗುಂಡಿಯೊತ್ತುವ ಕೆಲಸವಲ್ಲ, ಒಬ್ಬರು ಕೂತು ಪುಟಪುಟವನ್ನೂ ಕರಡು ತಿದ್ದುವ ಕೆಲಸ.

ಎಲ್ಲಕ್ಕಿಂತ ನಾಜೂಕಿನದು ಅರ್ಕಾವತ್ತು. ಅದನ್ನು ಮೂಡಿಸಲಾಗದವರು ಅದೇ ಆಕಾರದ ಕನ್ನಡ ಒಂಬತ್ತನ್ನು ತಂದು ಕೂರಿಸುತ್ತಾರೆ. ಆಗ ನಾಯಕನು ಕಮ೯ವನ್ನು ನಂಬಿ, ಧಮ೯ದ ದಾರಿ ಹಿಡಿದು, ಸೂಯಾ೯ಸ್ತದ ಹೊತ್ತಿಗೆ ಪೂತಿ೯ ಒಂಬತ್ತರ ಪಾಲಾಗುತ್ತಾನೆ. ತೇಜಸ್ವಿಯವರ 'ಕರ್ವಾಲೋ' ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿ ಇಂಥ ಪಠ್ಯದೊಳಗೆ ಸಿಕ್ಕಿಬಿದ್ದರೆ 'ಕವಾ೯ಲೋ' ಎಂಬ ಹೊಸ ಪ್ರಭೇದವಾಗಿ ವರ್ಗೀಕರಣಗೊಳ್ಳುವ ಸಂಭವವಿದೆ. ಮೂಡಿಗೆರೆಯ ತೋಟದಲ್ಲಿ ಕೂತು ಕನ್ನಡ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಬೆನ್ನಿಗೆ ನಿಂತ ತೇಜಸ್ವಿಯವರಿಗೆ ಇದು ಮೊದಲೇ ಗೊತ್ತಿತ್ತು: ಕಂಪ್ಯೂಟರಿನಲ್ಲಿ ಸಲೀಸಾಗಿ ಕೂರದ ಭಾಷೆಯ ಪುಸ್ತಕ ನಾಳೆ ಅಂಗಡಿಯಲ್ಲೂ ಕೂರದು.

ಆ ನಾಳೆ ಬಂದೂ ಆಯಿತು. 2016ರ ಡಿಸೆಂಬರಿನಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಕನ್ನಡದ್ದೇ ಇ-ಪುಸ್ತಕ ಮತ್ತು ಆಡಿಯೋ ಪುಸ್ತಕಗಳ ಅಂಗಡಿಯಾಗಿ ಮೈಲ್ಯಾಂಗ್ ಬಾಗಿಲು ತೆರೆದದ್ದು 2020ರಲ್ಲಿ. ನಡುವಿನ ವರ್ಷಗಳಲ್ಲಿ, ಕೊಳ್ಳಲು ಅಂಗಡಿ ಸುಲಭವಾಗಿ ಕಾಣದ ಕನ್ನಡಿಗ ಬಿಟ್ಟಿ ಪಿಡಿಎಫ್‌ಗೆ ಕೈಚಾಚುವುದನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಂಡ. ಅಭ್ಯಾಸ ಉಳಿಯಿತು, ನೆಪ ಹೋಯಿತು.

6. ಲೇಖಕನ ಜೀವನೋಪಾಯ ಎಂಬ ಮಿಥ್ಯೆ

ಇ-ಪುಸ್ತಕವು ಕನ್ನಡ ಲೇಖಕನ ಅನ್ನ ಕಿತ್ತುಕೊಂಡಿತೇ? ಕಿತ್ತುಕೊಳ್ಳಬೇಕಾದರೆ ಮೊದಲು ಅನ್ನವಿರಬೇಕು ಎಂಬುದು ತರ್ಕಶಾಸ್ತ್ರದ ಪ್ರಾಥಮಿಕ ನಿಯಮ. ಇದೇ ಜಿಲ್ಲೆಯ ದಾಖಲೆಗಳನ್ನು ನೋಡೋಣ.

ಕಡೂರು ತಾಲ್ಲೂಕಿನ ದೇವನೂರಿನವನೆಂದು ಪರಂಪರೆ ಹೇಳುವ ಲಕ್ಷ್ಮೀಶನ 'ಜೈಮಿನಿ ಭಾರತ'ವನ್ನು ನೂರಾರು ವರ್ಷ ಊರೂರಿನ ಗಮಕಿಗಳು ಓದಿದರು, ಲಿಪಿಕಾರರು ಪ್ರತಿ ಮಾಡಿದರು. ಅಷ್ಟು ಪ್ರತಿಗಳಿಗೆ ಗೌರವಧನದ ಲೆಕ್ಕ ಇಟ್ಟವರಿಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಮನೆ ನಡೆದದ್ದು ಮೇಷ್ಟರ ಸಂಬಳದಲ್ಲಿ; 1956ರಿಂದ 1960ರವರೆಗೆ ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿ. ತೇಜಸ್ವಿ ಮೇಷ್ಟರಾಗಲು ಒಪ್ಪದೆ ಕಾಫಿ ಬೆಳೆದರು, ತಮ್ಮ 'ಪುಸ್ತಕ ಪ್ರಕಾಶನ'ದಿಂದ ಪುಸ್ತಕ ತಂದರು. ಕನ್ನಡದಲ್ಲಿ ಸಾಹಿತ್ಯ ಯಾವಾಗಲೂ ಅಂತರಬೆಳೆ. ಮುಖ್ಯ ಬೆಳೆ ಸಂಬಳವೋ, ತೋಟವೋ, ಹೆಂಡತಿಯ ನೌಕರಿಯೋ ಎಂಬುದರಲ್ಲಿ ಮಾತ್ರ ತಳಿಭೇದ.

ಲೆಕ್ಕವನ್ನೂ ಹಾಕಿಬಿಡಬಹುದು. ಪುಸ್ತಕದ ಬೆಲೆ 200 ರೂಪಾಯಿ, ಲೇಖಕನಿಗೆ ಶೇ 10, ಸಾವಿರ ಪ್ರತಿ ಮೂರು ವರ್ಷದಲ್ಲಿ ಖರ್ಚು ಎಂದಿಟ್ಟುಕೊಳ್ಳೋಣ. ಒಟ್ಟು 20,000, ತಿಂಗಳಿಗೆ ಸುಮಾರು 555 ರೂಪಾಯಿ. ಬಹಳ ಸಲ ಇದೂ ಪುಸ್ತಕಗಳ ರೂಪದಲ್ಲಿ ಬರುತ್ತದೆ. ಅದನ್ನು ಲೇಖಕ ಮದುವೆಮನೆಗಳಲ್ಲಿ ಉಡುಗೊರೆ ಕೊಟ್ಟು ಮುಗಿಸುತ್ತಾನೆ. ಪ್ರಕಾಶಕನ ಕಥೆಯೂ ಸುಖದ್ದಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಆದೇಶಕ್ಕೆ ಅವನು ಕಾಯುವುದು, ಮಾರ್ಚ್ ತಿಂಗಳಲ್ಲಿ ಬೆಳೆಗಾರ ಹೂಮಳೆಗೆ ಕಾಯುವಂತೆ; ಬಾರದಿದ್ದರೆ ವರ್ಷ ಹೋಯಿತು.

ಇ-ಪುಸ್ತಕ ಇಲ್ಲಿ ಒಂದು ಸುಧಾರಣೆ ತಂದಿದೆ. ಕಾಗದ, ರಟ್ಟು, ಗೋದಾಮು, ಲಾರಿ ಸರ್ವೀಸು ಇಲ್ಲವಾದ್ದರಿಂದ ಪ್ರತಿಯೊಂದಕ್ಕೆ ಲೇಖಕನಿಗೆ ಹೆಚ್ಚು ಪಾಲು ಕೊಡಲು ಸಾಧ್ಯವಿದೆ. ಪಾಲು ದೊಡ್ಡದಾಯಿತು, ಗುಣಿಸುವ ಸಂಖ್ಯೆ ಚಿಕ್ಕದಾಯಿತು. ಇನ್ನೊಂದು ಕಡೆ 'ಪ್ರತಿಲಿಪಿ'ಯಂಥ ಆ್ಯಪ್‌ಗಳಲ್ಲಿ ಪ್ರಕಾಶಕರ ಮುಖವನ್ನೇ ನೋಡದ ಗೃಹಿಣಿಯರು ಅಡುಗೆ ಮುಗಿಸಿ ಧಾರಾವಾಹಿ ಬರೆಯುತ್ತಾರೆ, ಓದುಗರು ಅಲ್ಲಿನ ನಾಣ್ಯ ಕೊಟ್ಟು ಮುಂದಿನ ಕಂತು ಓದುತ್ತಾರೆ. ವಿಮರ್ಶಕರು ಇದನ್ನು ಸಾಹಿತ್ಯವೆಂದು ಒಪ್ಪಿಲ್ಲ. ದುಡ್ಡು ಬರುವುದನ್ನು ಸಾಹಿತ್ಯವೆಂದು ಒಪ್ಪುವ ಪದ್ಧತಿ ನಮ್ಮಲ್ಲಿ ಇಲ್ಲ.

7. ಪೂರ್ವಪಕ್ಷ ಮತ್ತು ಸಿದ್ಧಾಂತ

ಪೂರ್ವಪಕ್ಷ: ವಿದ್ಯೆಯನ್ನು ಮಾರಬಾರದು, ಹಂಚಿದರೆ ಹೆಚ್ಚುವುದು ಅದೊಂದೇ, ಏಳು ಬೀಜಕ್ಕೆ ಬಾಬಾಬುಡನ್ ಯಾರಿಗೆ ರಾಯಧನ ಕೊಟ್ಟರು? ಆದ್ದರಿಂದ ಪಿಡಿಎಫ್ ಹಂಚುವುದು ಪುಣ್ಯಕಾರ್ಯ.

ಉತ್ತರ: ದೃಷ್ಟಾಂತ ಅರ್ಧದಲ್ಲೇ ಕುಂಟುತ್ತದೆ. ಏಳು ಬೀಜವನ್ನು ಅವರು ಫಾರ್ವರ್ಡ್ ಮಾಡಲಿಲ್ಲ, ಬಿತ್ತಿದರು. ಬಿತ್ತಿದ ಮೇಲೆ ನೆರಳಿಗೆ ಮರ ಬೇಕು, ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು, ಚಿಗುರು ತೆಗೆಯಬೇಕು, ಕಾಂಡಕೊರಕ ಬಿದ್ದ ಗಿಡ ಕಿತ್ತು ಸುಡಬೇಕು. ಅಷ್ಟು ಮಾಡಿದವರ ಬೆವರಿನಿಂದ ಅದು ಈ ನೆಲದ ಬೆಳೆಯಾಯಿತು. ಗುಂಪಿನ ಪಿಡಿಎಫ್ ಕೈಯಿಂದ ಕೈಗೆ ಹೋಗುತ್ತದೆ, ಯಾರ ತಲೆಯಲ್ಲೂ ಬೇರೂರುವುದಿಲ್ಲ. ಕಳಿಸಿದವನಿಗೆ ದಾನ ಮಾಡಿದ ಸಂತೋಷ, ಪಡೆದವನಿಗೆ ಇಟ್ಟುಕೊಂಡ ಸಂತೋಷ. ಓದು ಇವರಿಬ್ಬರ ನಡುವೆ ಎಲ್ಲೂ ನಡೆಯಲಿಲ್ಲ.

ಇನ್ನೊಂದು ಅಸಂಗತಿಯೂ ಕಂಡುಬಂದಿದೆ. ಮೇಲೆ ಹೇಳಿದ ಬೆಳೆಗಾರರು ದಿನ ಬೆಳಿಗ್ಗೆ ಅದೇ ಮೊಬೈಲಿನಲ್ಲಿ ಅರೇಬಿಕಾಕ್ಕೆ ನ್ಯೂಯಾರ್ಕಿನ ದರ, ರೋಬಸ್ಟಾಕ್ಕೆ ಲಂಡನ್ನಿನ ದರ ನೋಡುತ್ತಾರೆ. ಮೂಟೆಗೆ ನೂರು ರೂಪಾಯಿ ಇಳಿದರೆ, "ಬೆಳೆಯುವವನ ಕಷ್ಟ ಯಾರಿಗೂ ಗೊತ್ತಿಲ್ಲ" ಎನ್ನುತ್ತಾರೆ. ಅವರ ಮಾತು ಅಕ್ಷರಶಃ ಸತ್ಯ. ಅವರ ಕಣದಿಂದ ಒಂದು ಮೂಟೆ ಚೆರ್ರಿಯನ್ನು "ಇದು ಪ್ರಕೃತಿಯ ವರ, ಹಂಚಿಕೊಳ್ಳೋಣ" ಎಂದು ಯಾರಾದರೂ ಹೊತ್ತೊಯ್ದರೆ ಅವರು ಪೂರ್ವಪಕ್ಷದಲ್ಲಿ ನಿಲ್ಲುವುದು ಸಂದೇಹ. ನಕಲು ಅಪರಾಧವೇ ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಬೆಳೆದವನಿಗೆ ಕೊಡದ ಊರಲ್ಲಿ ಮುಂದಿನ ಸಲ ಬೆಳೆಯುವವರು ಯಾರು ಎಂಬುದಷ್ಟೇ ಈ ಮೀಮಾಂಸೆಯ ಸಿದ್ಧಾಂತ.

8. ಫಲಶ್ರುತಿ

ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದವರ ಫೋನಿನಲ್ಲಿ ಜಾಗ ಉಳಿಯುವುದು. ಒಂದು ಕನ್ನಡ ಇ-ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡವರ ತೋಟಕ್ಕೆ ಮಾರ್ಚಿನಲ್ಲಿ ಹೂಮಳೆ, ಹಿಂದೆಯೇ ಬ್ಯಾಕಿಂಗ್ ಮಳೆ ಬರುವುದು. ಕೊಂಡದ್ದನ್ನು ಕೊನೆಯ ಪುಟದವರೆಗೆ ಓದಿದವರ ಕಾಳುಮೆಣಸಿಗೆ ಸೊರಗುರೋಗ ತಾಗದು. ಕೊಳ್ಳದೆ, ಓದದೆ, 'ಸುಪರ್ ಬುಕ್, ತಪ್ಪದೆ ಓದಿ' ಎಂದು ಬರೆದು ಮೂರು ಗುಂಪುಗಳಿಗೆ ಕಳಿಸಿದವರ ರೋಬಸ್ಟಾದಲ್ಲಿ ಕಾಯಿಕೊರಕ ಹುಟ್ಟಿ, ಕೊಯ್ಲಿನ ದಿನವೇ ಆಳುಗಳು ಪಕ್ಕದ ತೋಟಕ್ಕೆ ಹೋಗುವರು.

ಈ ಪ್ರಬಂಧದ ಪಿಡಿಎಫ್ ಇದ್ದರೆ ಕಳಿಸಿ ಎಂದು ಈಗಾಗಲೇ ಕೇಳಿರುವವರಿಗೂ ಮೇಲಿನ ಫಲವೇ ಅನ್ವಯಿಸುತ್ತದೆ.