ಹತ್ತಿಸುವ ಮೋಟಾರು, ಇಳಿಸುವ ಬ್ರೇಕು

ವಿದ್ಯುತ್ ಮೌಂಟನ್ ಬೈಕ್ ಕೊಳ್ಳುವವರೆಲ್ಲ ಮೊದಲು ಕೇಳುವುದು ಬ್ಯಾಟರಿ ಎಷ್ಟು ದೂರ ಬರುತ್ತದೆಂದು. ಬಯಲುಸೀಮೆಗೆ ಅದು ಸರಿ. ಕಾಫಿಸೀಮೆಯಲ್ಲಿ ದುಡ್ಡು ಹಾಕಬೇಕಾದ್ದು ಬ್ರೇಕಿಗೆ. ಚಿಕ್ಕಮಗಳೂರು ಪೇಟೆಯಿಂದ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಮೋಟಾರು ಹತ್ತಿಸೀತು, ಇಳಿಸುವ ಹೊಣೆ ಅದರದಲ್ಲ. 20 ಕಿಲೋ ದಾಟುವ ಗಾಡಿ, ಮೇಲೆ ಕಡುಬು ತಿಂದ ಸವಾರ, ಎಲ್ಲವನ್ನೂ ಹಿಡಿದು ನಿಲ್ಲಿಸಬೇಕಾದ್ದು ಬೆರಳಗಲದ ಪ್ಯಾಡು. ಇಳಿಜಾರಿನಲ್ಲಿ ಬ್ಯಾಟರಿ ತಾನೇ ಚಾರ್ಜ್ ಆಗುವುದಿಲ್ಲವೇ ಎನ್ನುವವರಿದ್ದಾರೆ. ಪೆಡಲಿನ ಬಳಿ ಮೋಟಾರಿರುವ ಬೈಕಿನಲ್ಲಿ ಹಿಂಚಕ್ರ ಫ್ರೀವೀಲಿನ ಮೇಲೆ ತನ್ನಷ್ಟಕ್ಕೆ ತಿರುಗುತ್ತದೆ. ಮೋಟಾರಿಗೆ ಸುದ್ದಿಯೇ ಮುಟ್ಟದು. ಮೂಡಿಗೆರೆ, ಕಳಸದ ಮಳೆಗಾಲದಲ್ಲಂತೂ ತೋಟದ ಕೆಸರು ಪ್ಯಾಡನ್ನು ಉಪ್ಪುಕಾಗದದಂತೆ ಉಜ್ಜಿಹಾಕುತ್ತದೆ. ಜೋರಾಗಿ ನೀರು ಬಿಟ್ಟು ತೊಳೆದರಾಯ್ತಲ್ಲ ಎಂದರೆ, ಆ ನೀರು ಬೇರಿಂಗಿಗೂ ನುಗ್ಗಿ ಗ್ರೀಸನ್ನು ಓಡಿಸುತ್ತದೆ. ಬಕೆಟ್ಟು, ಬ್ರಷ್ಷೇ ಲೇಸು. ಬ್ಯಾಟರಿ ಸತ್ತರೆ ತಳ್ಳಿಕೊಂಡಾದರೂ ಮನೆ ಸೇರಬಹುದು. ಚೀಲದಲ್ಲಿ ಒಂದು ಜೊತೆ ಹೊಸ ಪ್ಯಾಡು ಇರಲಿ, ಇಂಬಳಕ್ಕೆ ಸುಣ್ಣವನ್ನೂ ಮರೆಯಬೇಡಿ.