ಹನ್ನೆರಡು ಇಂಚಿನ ಜಪಾನು

ನಿದ್ದೆ ಬಾರದ ಒಂದು ರಾತ್ರಿ ಮೊಬೈಲು ತಿಕ್ಕುತ್ತಿದ್ದಾಗ ಒಂದು ಜಪಾನಿ ಕೋಣೆ ಕಂಡಿತು. ಬಿಳಿ ಗೋಡೆ, ನೆಲಕ್ಕೆ ಕೂತಂಥ ಗಿಡ್ಡ ಮಂಚ, ಒಂದು ದೀಪ. ಇನ್ನೇನೂ ಇಲ್ಲ. ತಲೆಯೆತ್ತಿ ನನ್ನ ಕೋಣೆ ನೋಡಿದೆ. ಕುರ್ಚಿಯ ಬೆನ್ನಿಗೆ ಮೂರು ದಿನದ ಪ್ಯಾಂಟು, ಕಿಟಕಿಯಲ್ಲಿ ಅಮೃತಾಂಜನ, ಸೊಳ್ಳೆಪರದೆಯ ಒಂದು ತುದಿ ಕ್ಯಾಲೆಂಡರಿನ ಮೊಳೆಗೆ. ನಿದ್ದೆಗೆಟ್ಟಿರುವುದು ವಯಸ್ಸಿನಿಂದಲ್ಲ, ಮಂಚದಿಂದ ಎಂದು ಅಲ್ಲೇ ತೀರ್ಮಾನವಾಯಿತು.

ಒಂದು ವಾರ ಜಪಾನ್ ಪಾರಾಯಣ. ಅಲ್ಲಿ ನೆಲಕ್ಕೆ ತತಾಮಿ ಎಂಬ ದಪ್ಪ ಚಾಪೆ ಹಾಸುತ್ತಾರೆ. ಹಳೆಯ ಪದ್ಧತಿಯಲ್ಲಿ ಒಳಗೆ ಭತ್ತದ ಹುಲ್ಲನ್ನು ಒತ್ತಿ ತುಂಬಿ, ಮೇಲೆ ಇಗುಸಾ ಎಂಬ ಜೊಂಡಿನ ಹೆಣಿಗೆ. ಹೆಚ್ಚುಕಡಿಮೆ 180 ಸೆಂಟಿಮೀಟರ್ ಉದ್ದ, ಅದರರ್ಧ ಅಗಲ. ಕೋಣೆಯ ಅಳತೆಯೂ ಚಾಪೆಯ ಲೆಕ್ಕದಲ್ಲೇ: ನಾಲ್ಕೂವರೆ ಚಾಪೆಯ ಕೋಣೆ, ಆರು ಚಾಪೆಯ ಕೋಣೆ. ಟೇಪು ಹಿಡಿದು ಲೆಕ್ಕ ಹಾಕಿದೆ. ಹತ್ತಕ್ಕೆ ಹನ್ನೊಂದು ಅಡಿ.

"ನಮ್ಮದು ಆರೂಕಾಲು ಚಾಪೆಯ ರೂಮು ಕಣೇ!"

"ಅದ್ರಲ್ಲಿ ನಾಲ್ಕು ಚಾಪೆ ನಿಮ್ಮ ಹಳೇ ಪೇಪರ್ರೇ ಇದೆ, ಮೊದ್ಲು ಅದನ್ನ ಎತ್ತಿ" ಎಂದಳು ಹೆಂಡತಿ.

ತತಾಮಿಯ ಮೇಲೆ ಹಾಸುವ ಫುಟಾನ್ ಎಂಬ ಹಾಸಿಗೆಯನ್ನು ಬೆಳಿಗ್ಗೆ ಮಡಚಿ ಗೋಡೆಯೊಳಗಿನ ಓಶಿಇರೆ ಎಂಬ ಬೀರುವಿಗೆ ಸೇರಿಸುತ್ತಾರೆ. ಹಾಗೇ ಬಿಟ್ಟರೆ ಮೈಬೆವರಿನ ತೇವಕ್ಕೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಗಿಡ್ಡ ಮಂಚದಲ್ಲಿ ಮರದ ಪಟ್ಟಿಗಳನ್ನು ಸಂದು ಬಿಟ್ಟು ಜೋಡಿಸುವುದೂ ಗಾಳಿಯಾಡಲೆಂದೇ. ಈ ಹಾಸಿಗೆ ಮಡಚುವ ಭಾಗವನ್ನು ನಾನು ಮನೆಯಲ್ಲಿ ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಮಡಚುವ ಕೆಲಸ ಯಾರದೆಂದು ಬೇರೆ ಹೇಳಬೇಕೆ.

ನಿಜವಾದ ತಕರಾರು ಎದ್ದದ್ದು ಮಂಚದ ಅಡಿಯಿಂದ. ಅಲ್ಲಿ ನಮ್ಮ ಸಂಸಾರದ ಅರ್ಧ ಇತ್ತು: ತಾಮ್ರದ ಹಂಡೆ, ಹಪ್ಪಳದ ಡಬ್ಬ, ಚಕ್ರ ಮುರಿದ ಸೂಟ್‌ಕೇಸು, ದಸರಾ ಬೊಂಬೆಗಳ ಟ್ರಂಕು.

"ಇವನ್ನೆಲ್ಲ ನಿಮ್ಮ ಜಪಾನಿನೋರು ಎಲ್ಲಿಡ್ತಾರಂತೆ?"

"ಓಶಿಇರೇಲಿ."

"ಹಾಗಾದ್ರೆ ಮೊದ್ಲು ಅದನ್ನ ತನ್ನಿ."

ಆದರೂ ಗಿಡ್ಡ ಮಂಚ ನೋಡಲು ಅಂಗಡಿಗೆ ಹೋದೆವು. ಮಾರುವ ಹುಡುಗ "ಮಲಗಿ ನೋಡಿ ಸರ್" ಎಂದ. ಚಪ್ಪಲಿ ಬಿಟ್ಟು ಮಲಗಿದೆ. ಆಹಾ! ಏಳುವ ಹೊತ್ತು ಬಂತು. ನಮ್ಮ ಮನೆಯ ಮಂಚ ಹಾಸಿಗೆ ಸೇರಿ 24 ಇಂಚು. ಅಲ್ಲಿ ಕಾಲು ಇಳಿಬಿಟ್ಟರೆ ಸಾಕು, ಉಳಿದ ದೇಹ ತಾನಾಗಿ ನಿಲ್ಲುತ್ತದೆ. ಇದು ಬರೀ 12 ಇಂಚು. ಕಾಲು ಇಳಿಬಿಟ್ಟೆ, ಮೊಣಕಾಲು ಗಲ್ಲಕ್ಕೆ ಬಂತು. ಕೈಯೂರಿ ಎದ್ದೆ, ಅರ್ಧ ದಾರಿಯಲ್ಲಿ ಸೊಂಟ ಮುಷ್ಕರ ಹೂಡಿತು, ಕೂತೆ. ಆಸರೆಗೆ ಪಕ್ಕದ ಟೀವಿ ಹಿಡಿದೆ. ಅದು ರಟ್ಟಿನ ಟೀವಿ, ಕೈಗೇ ಬಂತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಆಲೋಚಿಸಿದೆ. ಹುಡುಗ ಮುಗುಳ್ನಗುತ್ತಾ "ಟೇಕ್ ಯುವರ್ ಟೈಮ್ ಸರ್" ಅಂದ. ಸೋಫಾ ನೋಡುತ್ತಿದ್ದ ಒಂದು ಕುಟುಂಬ ಸೋಫಾ ಬಿಟ್ಟು ನನ್ನನ್ನು ನೋಡತೊಡಗಿತು. ಅವರ ಮಗು "ಅಜ್ಜ ಬಿದ್ಬಿಟ್ರಾ?" ಎಂದು ಕೇಳಿತು. ಅಜ್ಜ! ನನಗಿನ್ನೂ 58. ಕೊನೆಗೆ ಬೋರಲಾಗಿ ಹೊರಳಿ, ನಾಲ್ಕು ಕಾಲಿನ ಮೇಲೆ ನಿಂತು, ಒಂದು ಮಂಡಿಯೂರಿ, ಹೆಂಡತಿಯ ವ್ಯಾನಿಟಿ ಬ್ಯಾಗಿನ ಪಟ್ಟಿ ಹಿಡಿದೆ. ಬ್ಯಾಗು ಗಟ್ಟಿ. ಹೆಂಡತಿ ಅದಕ್ಕಿಂತ ಗಟ್ಟಿ. ಎದ್ದೆ.

ಇಷ್ಟಾದ ಮೇಲೆ ಕೊಳ್ಳದೆ ಬಂದರೆ ಮಾನ ಉಳಿಯುತ್ತಿತ್ತೇ? ಕೊಂಡೆ.

ಮುಂದಿನ ವಾರ ಊರಿನಿಂದ ಅಮ್ಮ ಬಂದಳು. ಬೆಲೆ ಕೇಳುತ್ತಾಳೆ, ಬೈಯುತ್ತಾಳೆ ಎಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವಳು ಬಾಗಿಲಲ್ಲೇ ನಿಂತು ಮಂಚ ನೋಡಿದಳು.

"ಇದೇನೋ, ಕೆಳಗಿಳಿಸಿದ ಹಾಗಿದೆ."

ಅಪ್ಪನ ಉಸಿರು ಏರಿಳಿಯಲು ಶುರುವಾದಾಗ ಮಂಚದಿಂದ ಚಾಪೆಗೆ ಇಳಿಸಿದ್ದೆವು. ಕಾಲಿನ ಕಡೆ ಹಿಡಿದವನು ನಾನು. ಎಷ್ಟು ಹಗುರವಾಗಿದ್ದ ಎಂದರೆ ಹಿಡಿದ ಕೈಗೆ ನಾಚಿಕೆಯಾಗಿತ್ತು. ಅಮ್ಮ ಆ ರಾತ್ರಿ ಹಾಲಿನ ದಿವಾನದ ಮೇಲೆ ಮಲಗಿದಳು. ನಾನು ಬಲು ಹೊತ್ತು ಆ 12 ಇಂಚಿನ ಮೇಲೆ ಕಣ್ಣು ಬಿಟ್ಟುಕೊಂಡಿದ್ದೆ.

ಬೆಳಿಗ್ಗೆ ಅವಳು ಕಾಫಿ ಹಿಡಿದು ಬಂದಾಗ ನಾನು ಏಳುವ ಮೂರನೆಯ ಯತ್ನದಲ್ಲಿದ್ದೆ. ಲೋಟ ಕಿಟಕಿಯಲ್ಲಿಟ್ಟು ಹೊರಗೆ ಹೋದಳು. ಅಡಿಯಲ್ಲಿ ಜಾಗವಿಲ್ಲದೆ ಪ್ಯಾಸೇಜಿನಲ್ಲಿ ಬಿದ್ದಿದ್ದ ಬೊಂಬೆ ಟ್ರಂಕನ್ನು ಕರಕರ ಎಳೆದು ತಂದು ಮಂಚದ ಪಕ್ಕಕ್ಕೆ ನೂಕಿದಳು.

"ಇದನ್ನ ಹಿಡ್ಕೊಂಡು ಏಳು."

ಈಗ ದಿನಾ ಬೆಳಿಗ್ಗೆ ಟ್ರಂಕಿನ ಮೇಲೆ ಅಂಗೈಯೂರುತ್ತೇನೆ. ಒಳಗೆ ಪಟ್ಟದ ಬೊಂಬೆಗಳು ಲೊಟಕ್ ಎನ್ನುತ್ತವೆ. ಅಡುಗೆಮನೆಯಿಂದ ಕೂಗು ಬರುತ್ತದೆ:

"ಮೆಲ್ಲಗೆ ರೀ, ರಾಣಿ ಮೂಗು ಮುರಿದೀತು!"